ನಿಮ್ಮ ಜಮೀನಿನ ನಕ್ಷೆ ನೀವೇ ಬರೆಯಿರಿ

ಡ್ರಿಪ್ ಹಾಕಿಸಬೇಕು ಎಂದು ಬರುವ ರೈತರನ್ನು ನಾನು ಮೊದಲು ಕೇಳುವುದು, ಜಮೀನು ಎಷ್ಟಿದೆ ಎಂದು. ಉತ್ತರ ಸಾಮಾನ್ಯವಾಗಿ ಪಹಣಿ ನೋಡಿ ಹೇಳಿದ್ದೇ ಆಗಿರುತ್ತದೆ. "ಮೂರು ಎಕರೆ ಇಪ್ಪತ್ತು ಗುಂಟೆ ಸಾರ್." ಆ ಮೂರೂವರೆ ಎಕರೆಯಲ್ಲಿ ಮನೆ, ಕಣ, ಕೃಷಿ ಹೊಂಡ, ಗಾಡಿ ದಾರಿ, ಬದು, ಬೇಲಿ ಮರದ ನೆರಳಿಗೆ ಏನೂ ಏಳದ ಜಾಗ, ಎಲ್ಲವೂ ಸೇರಿರುತ್ತವೆ. ಪೈಪು, ಗೊಬ್ಬರ, ಬೀಜ, ಔಷಧಿ ಬೇಕಾಗುವುದು ಬೆಳೆ ನಿಂತ ಜಾಗಕ್ಕೆ ಮಾತ್ರ. ಆ ಜಾಗ ಎಷ್ಟು ಎಂದು ಹೇಳುವ ಕಾಗದ ಯಾರ ಮನೆಯಲ್ಲೂ ಇರುವುದಿಲ್ಲ. ಅದನ್ನು ನಾವೇ ಮಾಡಿಕೊಳ್ಳಬೇಕು. ಇವತ್ತು ಅದಕ್ಕೆ ಒಂದು ರೂಪಾಯಿಯೂ ಬೇಕಾಗಿಲ್ಲ.

ನಾನು ಬಳಸುವುದು ಗೂಗಲ್ ಅರ್ಥ್ ಪ್ರೊ, ಉಪಗ್ರಹ ಚಿತ್ರದ ಮೇಲೆ ಗೆರೆ ಎಳೆದು ಅಳತೆ ನೋಡುವ ಕಂಪ್ಯೂಟರ್ ತಂತ್ರಾಂಶ. ಮೊದಲು ಇದಕ್ಕೆ ವರ್ಷಕ್ಕೆ 399 ಡಾಲರ್ ಕೊಡಬೇಕಿತ್ತು, 2015ರಿಂದ ಪೂರ್ತಿ ಉಚಿತ. ಉಪಗ್ರಹ ಚಿತ್ರ ನೋಡಲು ಇಸ್ರೋದ ಭುವನ್ ಜಾಲತಾಣ ಕೂಡ ಇದೆ, 2009ರಿಂದ. ಸುಮ್ನೆ ಒಂದು ಅಳತೆ ನೋಡಲು ಮೊಬೈಲ್ ಸಾಕು. ನಕ್ಷೆ ಬರೆಯಲು ಮಾತ್ರ ಕಂಪ್ಯೂಟರ್ ಮುಂದೆಯೇ ಕೂರಿ. ಮನೆಯಲ್ಲಿ ಕಾಲೇಜು ಓದುವ ಮಕ್ಕಳಿದ್ದರೆ ಬೇಗ ಕಲಿತುಕೊಳ್ಳುತ್ತಾರೆ. ಆದರೆ ಗೆರೆ ಎಳೆಯುವಾಗ ಜಮೀನು ಉಳುವವರು ಪಕ್ಕದಲ್ಲೇ ಇರಬೇಕು. ಪರದೆ ಮೇಲೆ ಕಾಣುವ ಕಪ್ಪು ಚುಕ್ಕೆ ಬಾವಿಯೋ ಹುಣಸೆ ಮರವೋ ಎಂದು ಅವರಿಗೆ ಮಾತ್ರ ಗೊತ್ತು.

ಮೊದಲ ಕೆಲಸ ಒಳ್ಳೆಯ ಚಿತ್ರ ಹುಡುಕುವುದು. ಪ್ರೊನಲ್ಲಿ ಮೇಲುಗಡೆ ಗಡಿಯಾರದ ಗುರುತು ಇದೆ. ಒತ್ತಿದರೆ ಅದೇ ಜಾಗದ ಹಳೆಯ ಚಿತ್ರಗಳು ತಾರೀಖಿನ ಸಮೇತ ಬರುತ್ತವೆ. ನಮ್ಮ ಹಾಸನ, ಚಿಕ್ಕಮಗಳೂರು ಕಡೆ ಮಳೆಗಾಲದಲ್ಲಿ ಮೋಡವೇ ಮೋಡ. ಹಾಗಾಗಿ ಉಪಯೋಗಕ್ಕೆ ಬರುವ ಚಿತ್ರಗಳು ಜಾಸ್ತಿ ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನವು. ಮುಂಗಾರಿನ ಆಲೂಗಡ್ಡೆ, ಜೋಳ ಆಗ ಹೊಲದಲ್ಲಿ ಇರುವುದಿಲ್ಲ. ಅದೇ ಒಳ್ಳೆಯದು, ಬರಿ ನೆಲದಲ್ಲಿ ಬದುಗಳು ಚೆನ್ನಾಗಿ ಕಾಣುತ್ತವೆ.

ಹಳೆಯ ಚಿತ್ರಗಳನ್ನು ತಪ್ಪದೆ ನೋಡಿ. ಹಲವು ಕಡೆ ಹತ್ತು, ಹದಿನೈದು ವರ್ಷ ಹಿಂದಿನವೂ ಸಿಗುತ್ತವೆ. ಈಗ ಒಂದೇ ತಾಕಾಗಿರುವ ಹೊಲ ಆಗ ಎರಡಾಗಿತ್ತೋ, ಮಧ್ಯೆ ಬದು ಇತ್ತೋ, ಹಳ್ಳ ಎಲ್ಲಿ ಹರಿಯುತ್ತಿತ್ತು, ಯಾವ ಹೊಂಡಕ್ಕೆ ಜೆಸಿಬಿಯಲ್ಲಿ ಮಣ್ಣು ತುಂಬಿಸಿದ್ದು, ಎಲ್ಲವೂ ಅಲ್ಲಿ ಕಾಣುತ್ತವೆ. ಒಂದೇ ಹೊಲದಲ್ಲಿ ಒಂದು ಮೂಲೆ ಮಾತ್ರ ಯಾಕೆ ಸೊರಗುತ್ತದೆ ಎಂಬುದಕ್ಕೆ ಎಷ್ಟೋ ಸಲ ಕಾರಣ ಇಲ್ಲೇ ಸಿಕ್ಕಿದೆ. ಅಂಥ ಜಾಗದ ಮಣ್ಣಿನ ಮಾದರಿಯನ್ನು ಬೇರೆಯೇ ತೆಗೆಯಬೇಕು. ಉಳಿದ ಮಣ್ಣಿನ ಜೊತೆ ಬೆರೆಸಿ ಕಳಿಸಿದರೆ ಬರುವ ಫಲಿತಾಂಶ ಎರಡಕ್ಕೂ ಸರಿಹೊಂದುವುದಿಲ್ಲ.

ಚಿತ್ರ ಆಯ್ಕೆಯಾದ ಮೇಲೆ ಪಾಲಿಗನ್ (ಸುತ್ತಲೂ ಗೆರೆ ಎಳೆಯುವ ಗುರುತು) ಒತ್ತಿ, ಅಂಚಿನ ಮೂಲೆ ಮೂಲೆಗೂ ಕ್ಲಿಕ್ ಮಾಡುತ್ತಾ ಸುತ್ತಿ ಬನ್ನಿ. ಇಡೀ ಜಮೀನಿಗೆ ಒಂದು ಗೆರೆ ಬೇಡ. ಬೆಳೆಯುವ ಒಂದೊಂದು ತಾಕಿಗೂ ಬೇರೆ ಬೇರೆ ಎಳೆದು ಹೆಸರು ಕೊಡಿ. ಮನೆಯವರು ಕರೆಯುವ ಹೆಸರೇ ಇರಲಿ: ಕೆರೆ ಕೆಳಗಿನದು, ಬೇವಿನ ಮರದ ಹೊಲ. ನಾಳೆ ಆಳುಗಳಿಗೆ ಹೇಳುವಾಗ ಅದೇ ಬಳಕೆಗೆ ಬರುತ್ತದೆ. ಅಂಚಿನ ಮರಗಳ ಹತ್ತಿರ ಸ್ವಲ್ಪ ಜೋಪಾನ. ಈ ಚಿತ್ರಗಳನ್ನು ಬಹಳಷ್ಟು ಉಪಗ್ರಹಗಳು ಬೆಳಿಗ್ಗೆ ಹತ್ತೂವರೆ ಆಸುಪಾಸಿನಲ್ಲಿ ತೆಗೆದಿರುತ್ತವೆ. ಚಳಿಗಾಲದಲ್ಲಿ ಆ ಹೊತ್ತಿಗೆ ಸೂರ್ಯ ಆಗ್ನೇಯದಲ್ಲಿ ಇರುತ್ತಾನೆ, ನೆರಳು ವಾಯವ್ಯಕ್ಕೆ ಬೀಳುತ್ತದೆ. ಆ ಕಪ್ಪು ಪಟ್ಟಿಯನ್ನು ಮರ ಅಂದುಕೊಂಡು ಗೆರೆ ಒಳಗೆ ಎಳೆದರೆ ಗುಂಟೆಗಟ್ಟಲೆ ಜಾಗ ಲೆಕ್ಕ ತಪ್ಪುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಕಂಪ್ಯೂಟರ್ 2.35 ಎಕರೆ ಎಂದು ತೋರಿಸಿದರೆ ಅದು ಎರಡು ಎಕರೆ ಮೂವತ್ತೈದು ಗುಂಟೆ ಅಲ್ಲ. ಎಕರೆಗೆ 40 ಗುಂಟೆ. ಚುಕ್ಕೆಯ ಮುಂದಿನದನ್ನು 40ರಿಂದ ಗುಣಿಸಬೇಕು. 0.35ಕ್ಕೆ 14 ಗುಂಟೆ, ಅಂದರೆ ಎರಡು ಎಕರೆ ಹದಿನಾಲ್ಕು ಗುಂಟೆ. ಎರಡಕ್ಕೂ 21 ಗುಂಟೆ ವ್ಯತ್ಯಾಸ, ಅರ್ಧ ಎಕರೆಗಿಂತ ಜಾಸ್ತಿ! ಶುಂಠಿಗೆ ಎಕರೆ ಲೆಕ್ಕದಲ್ಲಿ ಗುತ್ತಿಗೆ ಮಾತಾಡುವಾಗ ಈ ಚುಕ್ಕೆ ಎಷ್ಟು ದುಡ್ಡು ಆ ಕಡೆ ಈ ಕಡೆ ಮಾಡುತ್ತದೆ ಎಂದು ನೀವೇ ಲೆಕ್ಕ ಹಾಕಿ. ಕಳೆನಾಶಕದ ಪ್ರಮಾಣವೂ ಎಕರೆ ಲೆಕ್ಕದಲ್ಲೇ ಇರುತ್ತದೆ. ಅರ್ಧ ಎಕರೆಯ ಔಷಧಿ ಹೆಚ್ಚಾಗಿ ಬಿದ್ದರೆ ಬೆಳೆಯೇ ಸುಡಬಹುದು. ನಕ್ಷೆಯ ಮೇಲೆ ಎಕರೆ, ಗುಂಟೆ ಎಂದು ಅಕ್ಷರದಲ್ಲೇ ಬರೆದಿಡಿ, ಚುಕ್ಕೆ ಹಾಕಲೇಬೇಡಿ.

ಅಳತೆಯನ್ನು ಎಷ್ಟು ನಂಬಬಹುದು? ಚಿತ್ರ ಇಡಿಯಾಗಿ ಕೆಲವು ಮೀಟರ್ ಪಕ್ಕಕ್ಕೆ ಸರಿದಿರುವುದು ಮಾಮೂಲಿ. ಒಂದು ತಾರೀಖಿನ ಚಿತ್ರದ ಮೇಲೆ ಎಳೆದ ಗೆರೆ ಇನ್ನೊಂದು ತಾರೀಖಿನದರಲ್ಲಿ ಪಕ್ಕದವರ ಹೊಲದೊಳಗೆ ಹೋಗಿರುತ್ತದೆ. ಆದರೆ ಎಲ್ಲ ಮೂಲೆಗಳೂ ಒಟ್ಟಿಗೇ ಸರಿಯುವುದರಿಂದ ಸಮತಟ್ಟು ಜಾಗದಲ್ಲಿ ವಿಸ್ತೀರ್ಣ ಹೆಚ್ಚು ಬದಲಾಗುವುದಿಲ್ಲ. ಅದಕ್ಕೇ ಒಂದೇ ತಾರೀಖಿನ ಚಿತ್ರವನ್ನು ಇಟ್ಟುಕೊಂಡು ಪೂರ್ತಿ ಕೆಲಸ ಮುಗಿಸಿ. ನಿಮ್ಮ ಕೃಷಿ ಹೊಂಡವನ್ನೋ ಕಣವನ್ನೋ ಟೇಪಿನಲ್ಲಿ ಅಳೆದು ಪರದೆಯ ಅಳತೆಗೆ ತಾಳೆ ನೋಡಿ. ಧೈರ್ಯ ಬರುತ್ತದೆ.

ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ತುಂಬ ಉಪಯೋಗದ್ದು. ಆದರೆ ಅದರ ಗೆರೆ ನಿಮ್ಮ ಬೇಲಿಯಿಂದ ಹತ್ತು ಅಡಿ ಆಚೆ ಕಂಡಿತು ಎಂದು ಪಕ್ಕದ ಜಮೀನಿನವರ ಹತ್ತಿರ ಜಗಳಕ್ಕೆ ಹೋಗಬೇಡಿ, ದಯವಿಟ್ಟು. ಹದ್ದಿನ ಅನುಮಾನ ಇದ್ದರೆ ಹದ್ದುಬಸ್ತಿಗೆ ಅರ್ಜಿ ಹಾಕಿ. ಸರ್ವೆಯರ್ ಬಂದು, ಅಕ್ಕಪಕ್ಕದವರಿಗೂ ನೋಟಿಸ್ ಕೊಟ್ಟು ಅಳೆದದ್ದಕ್ಕೆ ಮಾತ್ರ ಬೆಲೆ. ನಾವು ಬರೆಯುವ ನಕ್ಷೆ ಬೇಸಾಯಕ್ಕೆ, ದಾವೆಗಲ್ಲ.

ಇಲ್ಲಿಯವರೆಗೆ ಹೇಳಿದ್ದು ಅರಸೀಕೆರೆ, ಕಡೂರು, ಚನ್ನರಾಯಪಟ್ಟಣದಂಥ ಬಯಲಿಗೆ ಸಲೀಸು. ಮೂವತ್ತು ಅಡಿ ಅಂತರದ ತೆಂಗಿನ ತೋಟದಲ್ಲಿ ಎಕರೆಗೆ 48 ಮರ. ಅವನ್ನು ಪರದೆ ಮೇಲೇ ಎಣಿಸಬಹುದು, ಸತ್ತ ಮರದ ಖಾಲಿ ಜಾಗವೂ ಗೊತ್ತಾಗುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆ ಹೋದರೆ ಲೆಕ್ಕವೇ ಬೇರೆ. ಅಲ್ಲಿ ಮೇಲಿಂದ ಕಾಣುವುದು ಸಿಲ್ವರ್ ಓಕ್ ಮತ್ತು ಕಾಡು ಮರದ ತಲೆ. ಕಾಫಿ ಗಿಡ, ಬ್ಲಾಕಿನ ಗಡಿ, ಒಳದಾರಿ ಯಾವುದೂ ಕಾಣುವುದಿಲ್ಲ. ಮೊಬೈಲ್ ಜಿಪಿಎಸ್ ಹಿಡಿದು ಗಡಿ ಸುತ್ತಬಹುದು, ಆದರೆ ಮರದ ಕೆಳಗೆ ಅದೂ ಅಲ್ಲಿ ಇಲ್ಲಿ ಹಾರುತ್ತದೆ. ನಾನು ಮಾಡುವುದು ಹೀಗೆ: ಚಿತ್ರದಲ್ಲೂ ನೆಲದಲ್ಲೂ ಸ್ಪಷ್ಟವಾಗಿ ಸಿಗುವ ಜಾಗ ಹುಡುಕುತ್ತೇನೆ. ಗೇಟು, ಕಾಫಿ ಕಣ, ರಸ್ತೆ ತಿರುವು, ಹಳ್ಳದ ಮೋರಿ. ಅಲ್ಲಿಂದ ಟೇಪು ಹಿಡಿದು ಬ್ಲಾಕಿನ ಒಳಗೆ ಅಳೆಯುತ್ತಾ ಹೋಗುತ್ತೇನೆ. ನಿಧಾನದ ಕೆಲಸ, ಬೇರೆ ದಾರಿ ಇಲ್ಲ.

ಇಳಿಜಾರಿಗೂ ಲೆಕ್ಕ ಇದೆ. ನಕ್ಷೆ ತೋರಿಸುವುದು ಅಡ್ಡಳತೆ. ನೂರು ಅಡಿಗೆ ಮೂವತ್ತು ಅಡಿ ಇಳಿಯುವ ಕಡೆ, ಪರದೆಯ ನೂರು ಅಡಿಗೆ ನೆಲದ ಮೇಲೆ ನೂರನಾಲ್ಕು ಅಡಿಗಿಂತ ಜಾಸ್ತಿ ಪೈಪ್ ಬೇಕು. ಎತ್ತರದ ವಿಷಯದಲ್ಲಿ ಮಾತ್ರ ಈ ಪರದೆಯನ್ನು ನಂಬಿ ಪಂಪ್ ಖರೀದಿಸಬೇಡಿ. ಗೂಗಲ್ ಅರ್ಥ್ ಕೊಡುವ ಎತ್ತರ ಹಲವು ಮೀಟರ್ ಹೆಚ್ಚುಕಮ್ಮಿ ಇರುತ್ತದೆ. ದಟ್ಟ ಮರಗಳಿದ್ದರೆ ಮರದ ಎತ್ತರವೂ ಅದಕ್ಕೆ ಸೇರಿರಬಹುದು. ಹತ್ತು ಮೀಟರ್ ಎತ್ತರ ಅಂದರೆ ಒಂದು ಕೆಜಿ ಪ್ರೆಶರ್. ಅಷ್ಟು ತಪ್ಪಿದರೆ ಮೇಲಿನ ಸಾಲಿಗೆ ನೀರೇ ಏರುವುದಿಲ್ಲ. ಗಾರೆ ಕೆಲಸದವರ ಲೆವೆಲ್ ಪೈಪ್ ತಂದು ಹಂತ ಹಂತವಾಗಿ ಎತ್ತರ ಹಿಡಿಯಿರಿ.

ಸೆಂಟಿನೆಲ್-2 ಎಂಬ ಯುರೋಪಿನ ಉಪಗ್ರಹಗಳ ಚಿತ್ರವೂ ಉಚಿತ, ಸುಮಾರು ಐದು ದಿನಕ್ಕೊಮ್ಮೆ ಹೊಸದು. ಆ ಚಿತ್ರದ ಒಂದು ಚುಕ್ಕೆ (ಪಿಕ್ಸೆಲ್) ಅಂದರೆ ನೆಲದ ಮೇಲೆ ಹತ್ತು ಮೀಟರ್ ಚೌಕ, ಹೆಚ್ಚುಕಮ್ಮಿ ನಮ್ಮ ಒಂದು ಗುಂಟೆ. ಎರಡು, ಮೂರು ಎಕರೆ ಜೋಳದಲ್ಲಿ ಯಾವ ಭಾಗ ಮೊದಲು ಒಣಗುತ್ತಿದೆ ಎಂದು ನೋಡಲು ಸಾಕು. ಗಡಿ ಎಳೆಯಲು ಸಾಲದು.

ಇಷ್ಟೆಲ್ಲ ಆದ ಮೇಲೂ ನಕ್ಷೆ ಅರ್ಧ ಮಾತ್ರ. ನನಗೆ ನಿಜವಾಗಿ ಬೇಕಾಗುವುದು ಆಕಾಶದಿಂದ ಕಾಣದ ವಿಷಯ. ಮೇನ್ ಲೈನ್ ಎಲ್ಲಿ ಹೋಗಿದೆ, ಎಷ್ಟು ಇಂಚಿನದು, ಗೇಟ್ ವಾಲ್ವ್ ಎಲ್ಲಿ, ಮೋಟಾರ್ ಕೇಬಲ್ ಯಾವ ಕಡೆಯಿಂದ ಬಂದಿದೆ, ನೀರು ನಿಲ್ಲುವ ತಗ್ಗು ಯಾವುದು. ಎಷ್ಟೋ ಮನೆಗಳಲ್ಲಿ ಇದೆಲ್ಲ ಗೊತ್ತಿರುವುದು ಒಬ್ಬರಿಗೆ, ವಯಸ್ಸಾದ ಅಪ್ಪನಿಗೋ ಹಳೆಯ ಆಳಿಗೋ. ಅವರನ್ನು ಕೂರಿಸಿಕೊಂಡು ಕೇಳಿ. ಚಿತ್ರವನ್ನು ದೊಡ್ಡ ಹಾಳೆಯಲ್ಲಿ ಪ್ರಿಂಟ್ ತೆಗೆಸಿ ಜಮೀನಿಗೆ ಒಯ್ಯಿರಿ, ಅವರು ಕೈ ತೋರಿಸಿದ ಕಡೆಯೆಲ್ಲ ಪೆನ್ಸಿಲ್ ಗುರುತು ಹಾಕಿ. ಆಮೇಲೆ ಕಂಪ್ಯೂಟರ್‌ಗೆ ಏರಿಸಿ, ಕೆಎಂಎಲ್ (ಗೂಗಲ್ ಅರ್ಥ್‌ನಲ್ಲಿ ತೆರೆಯುವ ನಕ್ಷೆ) ಫೈಲ್ ಆಗಿ ಉಳಿಸಿ, ಮನೆಯವರೆಲ್ಲರಿಗೂ ವಾಟ್ಸ್ಆ್ಯಪ್‌ನಲ್ಲಿ ಕಳಿಸಿಡಿ. ಈ ಬೇಸಿಗೆಯಲ್ಲಿ ಹೊಸ ಪೈಪ್ ಹೂಳಿಸುವವರಿದ್ದರೆ, ಕಾಲುವೆಗೆ ಮಣ್ಣು ಎಳೆಯುವ ಮೊದಲು ಪ್ರತಿ ತಿರುವಿನಲ್ಲೂ ಫೋಟೊ ತೆಗೆದು, ಹತ್ತಿರದ ಎರಡು ಮರಗಳಿಂದ ಎಷ್ಟು ಅಡಿ ಎಂದು ಬರೆದುಕೊಳ್ಳಿ.