ಟಿಎಲ್‌ಡಿ ಮಾತ್ರೆಯೊಳಗಿನ ಮೊದಲ 300 ಮಿಲಿಗ್ರಾಂ

ಎಚ್‌ಐವಿ ಇರುವವರಿಗೆ ನಮ್ಮ ಎಆರ್‌ಟಿ (ಎಚ್‌ಐವಿ ಚಿಕಿತ್ಸೆಯ) ಕೇಂದ್ರಗಳಲ್ಲಿ ಈಗ ಹೆಚ್ಚಾಗಿ ಕೊಡುವುದು ಟಿಎಲ್‌ಡಿ ಮಾತ್ರೆ. ದಿನಕ್ಕೆ ಒಂದೇ ಒಂದು. ಒಳಗಿರುವುದು ಮೂರು ಔಷಧ: ಟೆನೊಫೊವಿರ್ 300 ಮಿಲಿಗ್ರಾಂ, ಲ್ಯಾಮಿವುಡಿನ್ 300 ಮಿಲಿಗ್ರಾಂ, ಡೊಲುಟೆಗ್ರಾವಿರ್ 50 ಮಿಲಿಗ್ರಾಂ. ಹೊಸದಾಗಿ ಬರುವ ಕಿರಿಯ ವೈದ್ಯರ ಪ್ರಶ್ನೆಗಳೆಲ್ಲ ಡೊಲುಟೆಗ್ರಾವಿರ್ ಸುತ್ತಲೇ ಇರುತ್ತವೆ. ಅದು ಹೊಸತು, ವೈರಲ್ ಲೋಡನ್ನು, ಅಂದರೆ ರಕ್ತದಲ್ಲಿನ ವೈರಸ್ ಪ್ರಮಾಣವನ್ನು, ಬೇಗ ಇಳಿಸುತ್ತದೆ, ಹಾಗಾಗಿ ಕುತೂಹಲ ಸಹಜ. ನಾನು ಮಾತ್ರ ಅವರಿಗೆ ಮೊದಲು ಹೇಳುವುದು ಟೆನೊಫೊವಿರ್ ಕಥೆ. ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದ ರೇಗಾ ಸಂಸ್ಥೆಯಲ್ಲಿ ದಶಕಗಟ್ಟಲೆ ದುಡಿದ ವೈರಾಣು ವಿಜ್ಞಾನಿ ಎರಿಕ್ ಡಿ ಕ್ಲರ್ಕ್ ಏನು ಮಾಡಿದರೆಂದು ತಿಳಿದರೆ, ಈ ಮಾತ್ರೆಯ ಗುಣವೂ ಅದರ ದೋಷವೂ ಒಟ್ಟಿಗೇ ಅರ್ಥವಾಗುತ್ತವೆ.

ವೈರಸ್ ಸಾಯಿಸುವುದು ದೊಡ್ಡ ಕೆಲಸವೇನಲ್ಲ. ಬ್ಲೀಚಿಂಗ್ ಪೌಡರ್ ನೀರೂ ಸಾಯಿಸುತ್ತದೆ. ತೊಡಕಿರುವುದು ಬೇರೆ ಕಡೆ. ವೈರಸ್‌ಗೆ ಸ್ವಂತ ಸಂಸಾರವಿಲ್ಲ. ನಮ್ಮ ಜೀವಕೋಶದೊಳಗೆ ಹೊಕ್ಕು, ನಮ್ಮದೇ ಸಾಮಗ್ರಿ ಬಳಸಿ ತನ್ನ ಪ್ರತಿ ತೆಗೆಯುತ್ತದೆ. ಅದಕ್ಕೆ ಹಾಕಿದ ಏಟು ಜೀವಕೋಶಕ್ಕೂ ಬೀಳುತ್ತದೆ. ಆದ್ದರಿಂದ ಈ ಕ್ಷೇತ್ರದವರು ಯಾವುದೇ ಹೊಸ ರಾಸಾಯನಿಕದ ಬಗ್ಗೆ ಎರಡು ಅಂಕಿ ಕೇಳುತ್ತಾರೆ. ವೈರಸ್ಸಿನ ಆಟವನ್ನು ಅರ್ಧಕ್ಕೆ ಇಳಿಸಲು ಎಷ್ಟು ಬೇಕು? ಜೀವಕೋಶಗಳಲ್ಲಿ ಅರ್ಧವನ್ನು ಕೊಲ್ಲಲು ಎಷ್ಟು ಬೇಕು? ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಬರುವುದೇ ಸೆಲೆಕ್ಟಿವಿಟಿ ಇಂಡೆಕ್ಸ್. ಅದು 1ರ ಆಸುಪಾಸಿನಲ್ಲಿದ್ದರೆ ಕೈಯಲ್ಲಿರುವುದು ವಿಷ. ಸಾವಿರ ದಾಟಿದರೆ ಮಾತು ಮುಂದುವರಿಸಬಹುದು. ಡಿ ಕ್ಲರ್ಕ್ ಅವರ ಬದುಕೆಲ್ಲ ಈ ಎರಡು ಅಂಕಿಗಳ ನಡುವಿನ ಅಂತರವನ್ನು ಹಿಗ್ಗಿಸುವುದರಲ್ಲೇ ಕಳೆಯಿತು ಎಂದರೆ ತಪ್ಪಾಗದು.

ಅವರು ಹುಟ್ಟಿದ್ದು 1941ರಲ್ಲಿ. ಲೂವೆನ್‌ನಲ್ಲಿ ವೈದ್ಯಕೀಯ ಓದಿ, ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ವೈರಸ್ ವಿರುದ್ಧ ದೇಹವೇ ತಯಾರಿಸುವ ಇಂಟರ್‌ಫೆರಾನ್ ಎಂಬ ಪ್ರೋಟೀನ್ ಮೇಲೆ ಕೆಲಸ ಮಾಡಿ ಊರಿಗೆ ಮರಳಿದರು. ಅದೇ ಹೊತ್ತಿಗೆ, 1970ರಲ್ಲಿ, ಹೊವರ್ಡ್ ಟೆಮಿನ್ ಮತ್ತು ಡೇವಿಡ್ ಬಾಲ್ಟಿಮೋರ್ ಬೇರೆ ಬೇರೆಯಾಗಿ ಒಂದು ಕಿಣ್ವವನ್ನು ತೋರಿಸಿದ್ದರು. ಡಿಎನ್‌ಎಯಿಂದ ಆರ್‌ಎನ್‌ಎ ಎಂಬ ರೂಢಿಯ ದಾರಿಯನ್ನು ತಿರುವಿ ಹಾಕಿ, ಆರ್‌ಎನ್‌ಎಯಿಂದ ಡಿಎನ್‌ಎ ಬರೆಯುವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಅದು. ರೆಟ್ರೋವೈರಸ್‌ಗಳ ಗುರುತೇ ಈ ಕಿಣ್ವ. ಆಗ ಗೊತ್ತಿದ್ದ ರೆಟ್ರೋವೈರಸ್‌ಗಳು ಕೋಳಿ, ಇಲಿಗಳಲ್ಲಿ ಕ್ಯಾನ್ಸರ್ ತರುವಂಥವು. 1979ರಲ್ಲಿ ಡಿ ಕ್ಲರ್ಕ್ ಸುರಾಮಿನ್ ಎಂಬ ಔಷಧ ಈ ಕಿಣ್ವವನ್ನು ಬಲವಾಗಿ ತಡೆಯುತ್ತದೆಂದು ಪ್ರಕಟಿಸಿದರು. ಆಫ್ರಿಕಾದ ನಿದ್ರಾ ರೋಗಕ್ಕೆ ಬಳಸುತ್ತಿದ್ದ ಹಳೆಯ ಔಷಧವದು. ಓದಿದವರು ಎಷ್ಟು ಮಂದಿಯೋ.

ನಾಲ್ಕೇ ವರ್ಷಕ್ಕೆ, 1983ರಲ್ಲಿ, ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಏಡ್ಸ್‌ನ ವೈರಸ್ ಸಿಕ್ಕಿತು, ಅದೂ ರೆಟ್ರೋವೈರಸ್. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಹಿರೋಅಕಿ ಮಿತ್ಸುಯಾ ಮತ್ತು ಸ್ಯಾಮ್ಯುಯೆಲ್ ಬ್ರೋಡರ್ 1984ರಲ್ಲಿ ಸುರಾಮಿನ್ ಅನ್ನು ಈ ವೈರಸ್ ಮೇಲೆ ಪರೀಕ್ಷಿಸಿದರು, ಅದು ತಡೆಯಿತು. ರೋಗಿಗಳಿಗೂ ಕೊಟ್ಟು ನೋಡಿದರು. ಅಡ್ರಿನಲ್ ಗ್ರಂಥಿಗೆ ಪೆಟ್ಟು ಬಿತ್ತು, ರೋಗಿಗಳಿಗೆ ಲಾಭವಾಗಲಿಲ್ಲ. ಕಿಣ್ವ ಸರಿಯಾದ ಗುರಿಯೇ ಆಗಿತ್ತು, ಅಂತರ ಮಾತ್ರ ಸಾಲದಾಯಿತು.

ಲೂವೆನ್‌ನ ಕೊಡುಗೆಗಳಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಯಾವ ಔಷಧವೂ ಅಲ್ಲ, ಒಂದು ಪರೀಕ್ಷೆ. ರೂಡಿ ಪೌವೆಲ್ಸ್ ಮತ್ತು ಸಂಗಡಿಗರು 1988ರಲ್ಲಿ ಅದನ್ನು ಪ್ರಕಟಿಸಿದರು. ಎಂಟಿ-4 ಎಂಬ ಟಿ-ಜೀವಕೋಶಗಳಿಗೆ ಎಚ್‌ಐವಿ ತಗುಲಿಸಿದರೆ ಐದು ದಿನದಲ್ಲಿ ಸಾಯುತ್ತವೆ. 96 ಗುಳಿಗಳ ಪ್ಲಾಸ್ಟಿಕ್ ತಟ್ಟೆಯಲ್ಲಿ ಇವನ್ನು ಬೆಳೆಸಿ, ಕೆಲವಕ್ಕೆ ವೈರಸ್ ಮತ್ತು ಔಷಧ ಎರಡನ್ನೂ, ಕೆಲವಕ್ಕೆ ಬರೀ ಔಷಧವನ್ನು ಹಾಕುತ್ತಾರೆ. ಕೊನೆಗೆ ಎಂಟಿಟಿ ಎಂಬ ಹಳದಿ ಬಣ್ಣ. ಜೀವಂತ ಕೋಶ ಆ ಹಳದಿಯನ್ನು ನೇರಳೆ ಮಾಡುತ್ತದೆ, ಸತ್ತದ್ದು ಮಾಡುವುದಿಲ್ಲ. ವೈರಸ್ ಇದ್ದ ಗುಳಿ ನೇರಳೆಯಾದರೆ ಔಷಧ ಕೋಶವನ್ನು ಉಳಿಸಿದೆ. ವೈರಸ್ಸೇ ಇಲ್ಲದ ಗುಳಿ ಹಳದಿಯಾಗಿ ಉಳಿದರೆ ಕೊಂದದ್ದು ಔಷಧವೇ. ಬೇಕಾದ ಎರಡೂ ಅಂಕಿ ಒಂದೇ ತಟ್ಟೆಯಲ್ಲಿ! ಇದರಿಂದ ರಾಸಾಯನಿಕಗಳನ್ನು ಸಾವಿರಗಟ್ಟಲೆ ಜರಡಿ ಹಿಡಿಯುವುದು ಸಾಧ್ಯವಾಯಿತು. ಔಷಧ ಸಂಶೋಧನೆಯ ಬಗ್ಗೆ ಬರೆಯುವವರು ಇಂಥ ಪರೀಕ್ಷೆಗಳಿಗೆ ಒಂದು ಸಾಲನ್ನೂ ಕೊಡುವುದಿಲ್ಲ ಎಂಬುದು ನನ್ನ ಹಳೆಯ ತಕರಾರು.

ಈಗ ಪ್ರಾಗ್‌ಗೆ ಬರೋಣ. ಅಲ್ಲಿಯ ಸಾವಯವ ರಸಾಯನಶಾಸ್ತ್ರ ಮತ್ತು ಜೀವರಸಾಯನಶಾಸ್ತ್ರ ಸಂಸ್ಥೆಯಲ್ಲಿ ಆಂಟೊನಿನ್ ಹೋಲಿ ಎಂಬ ರಸಾಯನಶಾಸ್ತ್ರಜ್ಞರಿದ್ದರು. 1976ರಲ್ಲಿ ಗಾಟಿಂಗನ್‌ನ ಸಮ್ಮೇಳನವೊಂದರಲ್ಲಿ ಅವರಿಗೂ ಡಿ ಕ್ಲರ್ಕ್ ಅವರಿಗೂ ಪರಿಚಯವಾಯಿತು. ಹೋಲಿ ಕಟ್ಟಿದ ಅಣುಗಳನ್ನು ಡಿ ಕ್ಲರ್ಕ್ ವೈರಸ್‌ಗಳ ಮೇಲೆ ಪರೀಕ್ಷಿಸುವುದು, ಫಲಿತಾಂಶ ನೋಡಿ ಹೋಲಿ ಮತ್ತೆ ಕಟ್ಟುವುದು: ಶೀತಲ ಸಮರದ ಗಡಿಯಾಚೆ ಈಚೆ ಈ ಕೊಡುಕೊಳ್ಳುವಿಕೆ ಮೂರು ದಶಕಕ್ಕೂ ಮಿಗಿಲಾಗಿ ನಡೆಯಿತು.

ಹೋಲಿ ಅವರ ಜಾಣತನ ಎಲ್ಲಿದೆ ಎಂದು ನೋಡಬೇಕಾದರೆ ಎಝಡ್‌ಟಿಯ ಕೆಲಸ ತಿಳಿದಿರಬೇಕು. 1987ರಲ್ಲಿ ಮಂಜೂರಾದ ಮೊದಲ ಎಚ್‌ಐವಿ ಔಷಧ ಅದು. ಡಿಎನ್‌ಎಯ ಕೊಂಡಿಗಳಂತೆಯೇ ಕಾಣುವ ಹುಸಿ ಕೊಂಡಿ. ಹಿಂದಿನ ಕೊಕ್ಕೆ ಇಲ್ಲದ ರೈಲು ಬೋಗಿಯನ್ನು ನೆನಪಿಸಿಕೊಳ್ಳಿ. ಮುಂದಿನದಕ್ಕೆ ಸೇರುತ್ತದೆ, ಅದರ ಹಿಂದೆ ಇನ್ನೊಂದು ಸೇರಲಾಗದು, ಸರಪಣಿ ಅಲ್ಲಿಗೇ ನಿಲ್ಲುತ್ತದೆ. ಆದರೆ ಇಂಥ ಔಷಧ ಕೆಲಸ ಶುರುಮಾಡಲು ಜೀವಕೋಶ ಅದಕ್ಕೆ ಮೂರು ಫಾಸ್ಫೇಟ್‌ಗಳನ್ನು ಒಂದೊಂದಾಗಿ ಅಂಟಿಸಬೇಕು. ಇದೇ ಜಾತಿಯ ಸ್ಟಾವುಡಿನ್‌ನಂಥ ಔಷಧಗಳಲ್ಲಿ ಮೊದಲನೆಯದನ್ನು ಅಂಟಿಸುವುದೇ ನಿಧಾನ. ಹಾಗಾದರೆ ಮೊದಲ ಫಾಸ್ಫೇಟನ್ನು ನಾವೇ ಸೇರಿಸಿ ಕಳಿಸಿದರೆ? ದೇಹದ ಕಿಣ್ವಗಳು ಅದನ್ನು ಕಿತ್ತೆಸೆಯುತ್ತವೆ. ಹೋಲಿ ಮಾಡಿದ್ದು ಇಷ್ಟು: ರಂಜಕ ಮತ್ತು ಆಮ್ಲಜನಕದ ಮಾಮೂಲಿ ಬಂಧದ ಬದಲು ರಂಜಕವನ್ನು ಇಂಗಾಲಕ್ಕೇ ಕಟ್ಟಿದರು. ಇದು ಫಾಸ್ಫೋನೇಟ್. ಕಿಣ್ವಗಳಿಗೆ ಇದನ್ನು ಕತ್ತರಿಸಲಾಗದು, ಮೊದಲ ಹಂತ ಮುಗಿದಂತೆಯೇ ಔಷಧ ಒಳಗೆ ಬರುತ್ತದೆ. ಜೀವಕೋಶ ಇನ್ನೆರಡು ಸೇರಿಸಿದರೆ ಸಾಕು. ಹೀಗೆ ತಯಾರಾದ ರೂಪ ಕೋಶದೊಳಗೆ ದಿನಗಟ್ಟಲೆ ಉಳಿಯುವುದರಿಂದಲೇ ನಮ್ಮ ರೋಗಿಗಳಿಗೆ ದಿನಕ್ಕೊಂದೇ ಮಾತ್ರೆ ಸಾಕಾಗುತ್ತದೆ.

ಈ ಕುಟುಂಬದ ಮೊದಲ ಸುದ್ದಿ 1986ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಮುಂದೆ ಅಮೆರಿಕದ ಗಿಲಿಯಡ್ ಕಂಪನಿ ಈ ಅಣುಗಳನ್ನು ಕೈಗೆತ್ತಿಕೊಂಡಿತು. ಮೂವರು ಒಡಹುಟ್ಟುಗಳಲ್ಲಿ ಹಿರಿಯ ಸಿಡೊಫೊವಿರ್ 1996ರಲ್ಲಿ ಏಡ್ಸ್ ರೋಗಿಗಳ ಕಣ್ಣಿನ ಸೈಟೊಮೆಗಲೊವೈರಸ್ ಸೋಂಕಿಗೆ ಒಪ್ಪಿಗೆ ಪಡೆಯಿತು. ಅಡೆಫೊವಿರ್ ಎಚ್‌ಐವಿಗೆಂದು ಹೊರಟು, 60 ಮತ್ತು 120 ಮಿಲಿಗ್ರಾಂ ಪ್ರಮಾಣದಲ್ಲಿ ಕಿಡ್ನಿ ಕೆಡಿಸಿ, 1999ರಲ್ಲಿ ತಜ್ಞರ ಸಮಿತಿಯ ಮುಂದೆ ಸೋತಿತು. ಅದೇ ಅಡೆಫೊವಿರ್ 10 ಮಿಲಿಗ್ರಾಂಗೆ ಇಳಿದು 2002ರಲ್ಲಿ ಹೆಪಟೈಟಿಸ್ ಬಿ ಔಷಧವಾಗಿ ಮರಳಿತು! ಅಣು ಅದೇ. ಬೇರೆ ವೈರಸ್ ಸಿಕ್ಕಿದ್ದರಿಂದ ಅಂತರವೂ ಸಿಕ್ಕಿತು. ಮೂರನೆಯದು ಟೆನೊಫೊವಿರ್. ಎಚ್‌ಐವಿ ಮೇಲೆ ಅದರ ಪರಿಣಾಮ 1993ರಲ್ಲಿ ಪ್ರಕಟವಾಯಿತು. 1995ರಲ್ಲಿ ಮಕಾಕ್ ಕೋತಿಗಳಿಗೆ, ಎಚ್‌ಐವಿಯ ದಾಯಾದಿಯಾದ ಎಸ್‌ಐವಿ ಚುಚ್ಚುವ ಮೊದಲು ಅಥವಾ ಚುಚ್ಚಿದ 24 ಗಂಟೆಯೊಳಗೆ ಇದನ್ನು ಕೊಡಲು ಶುರುಮಾಡಿ ನಾಲ್ಕು ವಾರ ಮುಂದುವರಿಸಿದಾಗ ಸೋಂಕೇ ತಗುಲಲಿಲ್ಲ. ಇಷ್ಟಾದರೂ ಅದರ ವಿದ್ಯುದಂಶದಿಂದಾಗಿ ಅದು ಕರುಳನ್ನು ದಾಟುತ್ತಿರಲಿಲ್ಲ. ಆ ವಿದ್ಯುದಂಶವನ್ನು ಮುಚ್ಚುವ ಡಿಸೊಪ್ರಾಕ್ಸಿಲ್ ಎಂಬ ಹೊದಿಕೆ ಹಾಕಿದ ಮೇಲೆ ನುಂಗುವ ಮಾತ್ರೆಯಾಗಿ 2001ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಮಂಜೂರಾಯಿತು.

ನಮ್ಮಲ್ಲಿ ಸರ್ಕಾರಿ ಉಚಿತ ಎಆರ್‌ಟಿ ಆರಂಭವಾದದ್ದು 2004ರ ಏಪ್ರಿಲ್ 1ರಂದು. ಆಗ ಕೈಯಲ್ಲಿದ್ದದ್ದು ಸ್ಟಾವುಡಿನ್, ಎಝಡ್‌ಟಿ. ಎಝಡ್‌ಟಿ ಕೊಟ್ಟರೆ ಕೆಲವರಿಗೆ ರಕ್ತಹೀನತೆ ಬರುತ್ತಿತ್ತು. ಸ್ಟಾವುಡಿನ್ ಕೊಟ್ಟರೆ ಪಾದ ಉರಿ, ಕೆನ್ನೆಯ ಕೊಬ್ಬು ಕರಗಿ ಗುಳಿ ಬೀಳುವುದು. ಉತ್ತರ ಕರ್ನಾಟಕದಲ್ಲಿ ಕೆಲಸ ಮಾಡುತ್ತಿದ್ದಾಗ ಒಬ್ಬರು ನನ್ನೆದುರು ಅಂದದ್ದು: "ಸರ್ರ, ಜಡ್ಡು ಕಡಿಮಿ ಆತ್ರಿ, ಆದ್ರ ಈ ಮಾರಿನ ಊರ ಮಂದಿಗೆಲ್ಲಾ ಹೇಳಾಕತ್ತೈತ್ರಿ." ರೋಗನಿರೋಧಕ ಕೋಶಗಳ ಎಣಿಕೆಯಾದ ಸಿಡಿ4 ಏರಿತ್ತು, ತೂಕ ಏರಿತ್ತು, ಬಸ್ ಸ್ಟ್ಯಾಂಡಿನಲ್ಲಿ ಜನ ಮುಖ ನೋಡಿಯೇ ಗುರುತು ಹಿಡಿಯುತ್ತಿದ್ದರು. ಸೆಲೆಕ್ಟಿವಿಟಿ ಇಂಡೆಕ್ಸ್ ಸಾಲದಿದ್ದರೆ ಏನಾಗುತ್ತದೆಂದು ತಿಳಿಯಲು ಪುಸ್ತಕ ಬೇಕಿರಲಿಲ್ಲ. ಟೆನೊಫೊವಿರ್ ಬಂದಮೇಲೆ ಆ ಗುಳಿ ಬಿದ್ದ ಕೆನ್ನೆಗಳನ್ನು ಹೊಸ ರೋಗಿಗಳಲ್ಲಿ ಕಾಣುವುದು ತಪ್ಪಿತು.

ಅದು ನಮ್ಮ ಕೈಗೆಟುಕಿದ್ದರ ಹಿಂದೆ ವಿಜ್ಞಾನ ಮಾತ್ರ ಇಲ್ಲ. ಡಿಸೊಪ್ರಾಕ್ಸಿಲ್ ರೂಪದ ಪೇಟೆಂಟ್ ಅರ್ಜಿಗಳನ್ನು ರೋಗಿಗಳ ಸಂಘಟನೆಗಳು ವಿರೋಧಿಸಿದವು, ಭಾರತದ ಪೇಟೆಂಟ್ ಕಚೇರಿ 2009ರಲ್ಲಿ ಅವನ್ನು ತಿರಸ್ಕರಿಸಿತು. ಬೆಂಗಳೂರಿನ ಸ್ಟ್ರೈಡ್ಸ್ ಸೇರಿ ಹಲವು ಭಾರತೀಯ ಕಂಪನಿಗಳು ಟೆನೊಫೊವಿರ್ ಮಾತ್ರೆ ತಯಾರಿಸಿದವು. 2017ರಲ್ಲಿ ಬಡ ದೇಶಗಳಿಗೆ ಟಿಎಲ್‌ಡಿ ಒಬ್ಬರಿಗೆ ವರ್ಷಕ್ಕೆ ಸುಮಾರು 75 ಡಾಲರ್‌ಗೆ ಸಿಗುವ ಒಪ್ಪಂದ ಘೋಷಣೆಯಾಯಿತು.

ಡಿ ಕ್ಲರ್ಕ್ ಬಳಗದ ಇನ್ನೊಂದು ಅಣುವಿನ ಪ್ರಸಂಗವಂತೂ ವಿಚಿತ್ರ. ಸೈಕ್ಲಾಮ್ ಎಂಬ ರಾಸಾಯನಿಕದ ಒಂದು ಮಾದರಿ ಎಚ್‌ಐವಿಯನ್ನು ತಡೆಯಿತು. ಶುದ್ಧ ಸೈಕ್ಲಾಮ್ ತಡೆಯಲಿಲ್ಲ. ಕೆಲಸ ಮಾಡಿದ್ದು ಅದರಲ್ಲಿದ್ದ ಕಲಬೆರಕೆ, ಎರಡು ಸೈಕ್ಲಾಮ್ ಉಂಗುರಗಳು ಒಂದಕ್ಕೊಂದು ಅಂಟಿಕೊಂಡ ಅಣು. ಅದನ್ನು ತಿದ್ದಿ ತೀಡಿ ಕಟ್ಟಿದ ಎಎಮ್‌ಡಿ3100ರ ಸೆಲೆಕ್ಟಿವಿಟಿ ಇಂಡೆಕ್ಸ್ 1 ಲಕ್ಷ ದಾಟಿತು! ವೈರಸ್ ಒಳನುಗ್ಗಲು ಹಿಡಿಯುವ ಸಿಎಕ್ಸ್‌ಸಿಆರ್4 ಎಂಬ ಬಾಗಿಲನ್ನೇ ಅದು ಮುಚ್ಚುತ್ತದೆಂದು 1997ರಲ್ಲಿ ಗೊತ್ತಾಯಿತು. ಆರೋಗ್ಯವಂತ ಸ್ವಯಂಸೇವಕರಿಗೆ ಕೊಟ್ಟಾಗ ಅವರ ಬಿಳಿ ರಕ್ತಕಣಗಳು ಏಕಾಏಕಿ ಏರಿದವು. ಮೂಳೆಮಜ್ಜೆಯಲ್ಲಿ ರಕ್ತಕಣ ಹುಟ್ಟಿಸುವ ಕಾಂಡಕೋಶಗಳನ್ನು ಹಿಡಿದಿಟ್ಟುಕೊಳ್ಳುವುದೂ ಅದೇ ಸಿಎಕ್ಸ್‌ಸಿಆರ್4. ಅದನ್ನು ಮುಚ್ಚಿದ್ದಕ್ಕೆ ಅವು ರಕ್ತಕ್ಕೆ ಇಳಿದು ಬಂದಿದ್ದವು. ಎಚ್‌ಐವಿ ಔಷಧವಾಗಿ ಅದು ಉಳಿಯಲಿಲ್ಲ. 2008ರಲ್ಲಿ ಪ್ಲೆರಿಕ್ಸಾಫೊರ್ ಎಂಬ ಹೆಸರಿನಲ್ಲಿ, ಕಸಿಗಾಗಿ ಕಾಂಡಕೋಶ ಸಂಗ್ರಹಿಸುವ ಔಷಧವಾಗಿ ಒಪ್ಪಿಗೆ ಪಡೆಯಿತು. ತಟ್ಟೆಯಲ್ಲಿ ಲಕ್ಷದ ಅಂಕಿ ಬಂದರೂ ಇಡೀ ದೇಹದಲ್ಲಿ ಏನಾಗುತ್ತದೆಂಬುದು ಬೇರೆಯೇ ಲೆಕ್ಕ.

ಟೆನೊಫೊವಿರ್‌ಗೂ ಆ ಲೆಕ್ಕ ತಪ್ಪಿಲ್ಲ. ಅದು ಕಿಡ್ನಿಯ ನಾಳಗಳ ಮೂಲಕ ಹೊರಹೋಗುತ್ತದೆ, ಕೆಲವರಲ್ಲಿ ಅಲ್ಲೇ ಕೂಡಿಕೊಂಡು ಹಾನಿ ಮಾಡುತ್ತದೆ. 2015ರಲ್ಲಿ ಬಂದ ಅಲಾಫೆನಮೈಡ್ ರೂಪದಲ್ಲಿ 25 ಮಿಲಿಗ್ರಾಂ ಸಾಕು; ರಕ್ತದಲ್ಲಿ ಟೆನೊಫೊವಿರ್ ಕಡಿಮೆ, ಕೋಶದೊಳಗೆ ಹೆಚ್ಚು. ಟಿಎಲ್‌ಡಿಯಲ್ಲಿರುವುದು ಹಳೆಯ ರೂಪ. ಆದ್ದರಿಂದ ಕಿಡ್ನಿಯ ಕೆಲಸ ಹೇಗಿದೆಯೆಂದು ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ತಪ್ಪಿಸಬೇಡಿ. ಟಿಎಲ್‌ಡಿ ಶುರುವಾದ ಮೊದಲ ವಾರಗಳಲ್ಲಿ ಅದು ಚೂರು ಏರಿದರೆ ಹೆದರಬೇಕಿಲ್ಲ; ಡೊಲುಟೆಗ್ರಾವಿರ್ ಕಿಡ್ನಿಗೆ ಹಾನಿ ಮಾಡದೆಯೇ ಕ್ರಿಯಾಟಿನಿನ್ ಹೊರಹೋಗುವುದನ್ನು ಸ್ವಲ್ಪ ತಡೆಯುತ್ತದೆ. ಏರುತ್ತಲೇ ಹೋದರೆ, ಅಥವಾ ರಕ್ತದ ಸಕ್ಕರೆ ಸರಿಯಿದ್ದೂ ಮೂತ್ರದಲ್ಲಿ ಸಕ್ಕರೆ ಕಂಡರೆ, ಅದು ಟೆನೊಫೊವಿರ್ ಕೆಲಸವಿರಬಹುದು. ಮೊಣಕಾಲು ನೋವಿಗೆಂದು ಮೆಡಿಕಲ್ ಶಾಪಿನಿಂದ ಡೈಕ್ಲೊಫೆನಾಕ್ ತಂದು ತಿಂಗಳುಗಟ್ಟಲೆ ನುಂಗುವವರು ಅದನ್ನು ವೈದ್ಯರಿಗೆ ಹೇಳಲೇಬೇಕು, ಎರಡೂ ಸೇರಿದರೆ ಕಿಡ್ನಿಗೆ ಇಮ್ಮಡಿ ಹೊರೆ.

ಇನ್ನೊಂದು ಮಾತು, ವಿಶೇಷವಾಗಿ ಕಿರಿಯ ವೈದ್ಯರಿಗೆ. ಟೆನೊಫೊವಿರ್ ಹೆಪಟೈಟಿಸ್ ಬಿ ವೈರಸ್ಸನ್ನೂ ಹಿಡಿದಿಡುತ್ತದೆ, ಏಕೆಂದರೆ ಆ ವೈರಸ್ ಕೂಡ ಪ್ರತಿ ತೆಗೆಯುವಾಗ ರಿವರ್ಸ್ ಟ್ರಾನ್ಸ್‌ಕ್ರಿಪ್ಷನ್ ದಾರಿಯನ್ನೇ ತುಳಿಯುತ್ತದೆ. ಎರಡೂ ಸೋಂಕು ಇರುವವರಲ್ಲಿ ಟೆನೊಫೊವಿರ್ ದಿಢೀರನೆ ನಿಲ್ಲಿಸಿದರೆ ಯಕೃತ್ತಿನ ಉರಿಯೂತ ಜೋರಾಗಿ ಕೆರಳಬಹುದು, ಪ್ರಾಣಕ್ಕೂ ಎರವಾಗಬಹುದು. ಹಾಗಾಗಿ ಕ್ರಿಯಾಟಿನಿನ್ ನೋಡಿ ಮಾತ್ರೆ ಬದಲಿಸುವ ಮೊದಲು ರೋಗಿಯ ಫೈಲಿನಲ್ಲಿ ಎಚ್‌ಬಿಎಸ್‌ಎಜಿ (ಹೆಪಟೈಟಿಸ್ ಬಿ ಪತ್ತೆಯ ರಕ್ತಪರೀಕ್ಷೆ) ವರದಿ ಹುಡುಕಿ. ಇಲ್ಲದಿದ್ದರೆ ಅವತ್ತೇ ಮಾಡಿಸಿ.