ಚರ್ಚಿನ ಬಾಗಿಲು ಪುಕ್ಕಟೆ, ಚಾವಣಿ ಯಾರ ಖರ್ಚು?

ಪ್ಯಾರಿಸ್ಸಿನಲ್ಲಿ ಸೀನ್ ನದಿಯ ನಡುಗಡ್ಡೆಯೊಂದರ ಮೇಲೆ ಎರಡು ಹಳೆಯ ಪ್ರಾರ್ಥನಾ ಮಂದಿರಗಳಿವೆ. ಒಂದರಿಂದ ಇನ್ನೊಂದಕ್ಕೆ ಕೆಲವೇ ನಿಮಿಷದ ನಡಿಗೆ. ಬಣ್ಣದ ಗಾಜಿನ ಕಿಟಕಿಗಳಿಗೆ ಹೆಸರಾದ ಸೇಂಟ್ ಶಪೆಲ್ ನೋಡಲು ಟಿಕೆಟ್ ಕೊಳ್ಳಬೇಕು. ನೋತ್ರ್ ದಾಮ್ ಒಳಗೆ ಹೋಗಲು ಬಿಡಿಗಾಸೂ ಬೇಡ. ಎರಡಕ್ಕೂ ಮಾಲೀಕ ಫ್ರೆಂಚ್ ಸರ್ಕಾರವೇ.

2019ರ ಏಪ್ರಿಲ್‌ನಲ್ಲಿ ಸುಟ್ಟ ನೋತ್ರ್ ದಾಮ್ ಮತ್ತೆ ತೆರೆಯಲು ಒಂದೂವರೆ ತಿಂಗಳಿದೆ ಎನ್ನುವಾಗ, 2024ರ ಅಕ್ಟೋಬರ್‌ನಲ್ಲಿ, ಆಗಿನ ಸಂಸ್ಕೃತಿ ಸಚಿವೆ ರಶಿದಾ ದಾತಿ ಒಂದು ಸಲಹೆ ಮುಂದಿಟ್ಟರು. ಪ್ರವಾಸಿಗರಿಂದ ತಲಾ 5 ಯೂರೊ ಪಡೆದರೆ ವರ್ಷಕ್ಕೆ 7.5 ಕೋಟಿ ಯೂರೊ ಬರುತ್ತದೆ, ಅದರಲ್ಲಿ ದೇಶದ ಹಳೆಯ ಚರ್ಚುಗಳನ್ನು ಉಳಿಸಬಹುದು ಎಂಬ ಲೆಕ್ಕ. ಪ್ಯಾರಿಸ್ ಧರ್ಮಪ್ರಾಂತ್ಯ, ಅಂದರೆ ಅಲ್ಲಿನ ಕ್ಯಾಥೊಲಿಕ್ ಚರ್ಚಿನ ಆಡಳಿತ, ಒಪ್ಪಲಿಲ್ಲ. ಒಪ್ಪಿದ್ದರೂ ಸರ್ಕಾರವನ್ನೂ ಧರ್ಮವನ್ನೂ ಬೇರ್ಪಡಿಸಿದ 1905ರ ಕಾಯ್ದೆಯ 17ನೇ ವಿಧಿ ಅಡ್ಡ ಬರುತ್ತಿತ್ತು. ಸಂರಕ್ಷಿತ ಆರಾಧನಾ ಕಟ್ಟಡಗಳ ವೀಕ್ಷಣೆಗೆ ಯಾವ ಶುಲ್ಕವನ್ನೂ ವಿಧಿಸಕೂಡದು ಎಂದು ಅದು ಕಡ್ಡಿ ಮುರಿದಂತೆ ಹೇಳುತ್ತದೆ. ಸೇಂಟ್ ಶಪೆಲ್ ಈಗ ಪೂಜೆ ನಡೆಯುವ ಚರ್ಚಲ್ಲ, ಸ್ಮಾರಕ. ಹಾಗಾಗಿ ಅಲ್ಲಿ ಟಿಕೆಟ್ ಮಾರಬಹುದು.

ಸರ್ಕಾರ ಚರ್ಚುಗಳ ಮಾಲೀಕನಾದದ್ದು ಕ್ರಾಂತಿಯ ಕಾಲದಲ್ಲಿ. ಖಜಾನೆ ಬರಿದಾಗಿತ್ತು, 1789ರ ನವೆಂಬರ್ 2ರಂದು ಚರ್ಚಿನ ಆಸ್ತಿಯೆಲ್ಲ ರಾಷ್ಟ್ರದ್ದು ಎಂದು ಸಂಸತ್ತು ಘೋಷಿಸಿತು. ಮರುವರ್ಷ ಸನ್ಯಾಸಿ ಮಠಗಳನ್ನೇ ರದ್ದು ಮಾಡಿತು. ಕೆಲವು ಮಠಗಳು ಜೈಲಾದವು, ಕೆಲವು ಕಲ್ಲಿನ ಕ್ವಾರಿಗಳಾದವು. ಬರ್ಗಂಡಿಯ ಕ್ಲೂನಿ ಮಠದ ಚರ್ಚು ಸುಮಾರು 187 ಮೀಟರ್ ಉದ್ದವಿತ್ತು. ರೋಮಿನ ಈಗಿನ ಸೇಂಟ್ ಪೀಟರ್ಸ್ ಏಳುವವರೆಗೆ ಕ್ರೈಸ್ತ ಜಗತ್ತಿನಲ್ಲಿ ಅದಕ್ಕಿಂತ ದೊಡ್ಡ ಚರ್ಚಿರಲಿಲ್ಲ. 1798ರಲ್ಲಿ ಅದನ್ನು ವ್ಯಾಪಾರಿಗಳಿಗೆ ಮಾರಿದರು. ಅವರು ಕೆಡವಿ, ಕಲ್ಲನ್ನು ಗಾಡಿಗಟ್ಟಲೆ ಮಾರಿಕೊಂಡರು. ಪಕ್ಕದಲ್ಲಿ ಎದ್ದ ಸರ್ಕಾರಿ ಕುದುರೆ ಲಾಯಕ್ಕೂ ಅದೇ ಕಲ್ಲು. ಇಂದು ಹೋದರೆ ಕಾಣುವುದು ಆ ಚರ್ಚಿನ ಹತ್ತನೇ ಒಂದು ಪಾಲಿಗಿಂತ ಕಡಿಮೆ.

1801ರಲ್ಲಿ ನೆಪೋಲಿಯನ್ ಪೋಪ್ ಜೊತೆ ರಾಜಿ ಮಾಡಿಕೊಂಡ. ಕಟ್ಟಡಗಳು ಪೂಜೆಗೆ ಮರಳಿದವು, ಪಾದ್ರಿಗಳಿಗೆ ಸರ್ಕಾರದ ಸಂಬಳ ಸಿಕ್ಕಿತು. ನೂರು ವರ್ಷ ಹೀಗೇ ನಡೆಯಿತು. 1905ರ ಡಿಸೆಂಬರ್ 9ರ ಕಾಯ್ದೆ ಆ ನಂಟನ್ನು ಕಡಿಯಿತು. ಸಂಬಳ ನಿಂತಿತು. ಪ್ರತಿ ಧರ್ಮದವರೂ ಆರಾಧನಾ ಸಂಘ ಕಟ್ಟಿಕೊಳ್ಳಬೇಕು. ಕಟ್ಟಡಗಳನ್ನು ಬಾಡಿಗೆಯಿಲ್ಲದೆ ಬಳಸಬಹುದು, ರಿಪೇರಿ ಮಾತ್ರ ಸಂಘದ್ದೇ ಎಂದಾಯಿತು.

ಆಸ್ತಿಯನ್ನು ಈ ಸಂಘಗಳಿಗೆ ಹಸ್ತಾಂತರಿಸುವ ಮುಂಚೆ ಅದರ ಪಟ್ಟಿ ಬೇಕಲ್ಲ? 1906ರ ಆರಂಭದಲ್ಲಿ ಅಧಿಕಾರಿಗಳು ಊರೂರಿಗೆ ಪುಸ್ತಕ ಹಿಡಿದು ಹೊರಟರು. ಪರಮಪ್ರಸಾದ (ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ) ಇಡುವ ಪೆಟ್ಟಿಗೆಯನ್ನೂ ತೆರೆಸಿ ನೋಡುತ್ತಾರಂತೆ ಎಂಬ ಸುದ್ದಿ ಹಬ್ಬಿದ್ದೇ ತಡ, ಜನ ಬಾಗಿಲು ಜಡಿದು ಒಳಗೆ ಕುಳಿತರು. ಪೊಲೀಸರು ಕೊಡಲಿಯಿಂದ ಬಾಗಿಲು ಒಡೆದರು. ಪಿರನೀಸ್ ಬೆಟ್ಟದ ಕೊಮಿನಾಕ್ ಹಳ್ಳಿಯದು ಬೇರೆಯೇ ಕಥೆ. ಕರಡಿ ಆಡಿಸುವುದು ಆಗ ಆ ಸೀಮೆಯವರ ಕಸುಬಾಗಿತ್ತು. ಅವರು ತಮ್ಮ ಕರಡಿಗಳನ್ನೇ ತಂದು ಚರ್ಚಿನ ಬಾಗಿಲಲ್ಲಿ ನಿಲ್ಲಿಸಿದರು. ಬಾಗಿಲಲ್ಲಿ ಕರಡಿ ನಿಂತಿರುವಾಗ ಮೇಣದಬತ್ತಿಯ ಸ್ಟ್ಯಾಂಡು ಎಣಿಸಲು ಯಾವ ಗುಮಾಸ್ತ ಒಳಗೆ ಹೋದಾನು! ಆದರೆ ಉತ್ತರದ ಬೋಷೆಪ್ ಹಳ್ಳಿಯಲ್ಲಿ ಒಬ್ಬ ಗುಂಡೇಟಿಗೆ ಸತ್ತ, ಆ ಗಲಾಟೆಯಲ್ಲೇ ಸರ್ಕಾರ ಬಿತ್ತು. ಮೇಣದಬತ್ತಿಯ ಸ್ಟ್ಯಾಂಡುಗಳ ಎಣಿಕೆಗಾಗಿ ಒಂದು ಜೀವ ಬಲಿಯಾಗಬಾರದು ಎಂದು ಹೊಸ ಗೃಹಮಂತ್ರಿ ಕ್ಲೆಮಾನ್ಸೊ ಪಟ್ಟಿ ಮಾಡುವುದನ್ನು ಸಡಿಲಿಸಿದರು.

ಪ್ರೊಟೆಸ್ಟೆಂಟರು, ಯಹೂದಿಗಳು ಕಾಯ್ದೆಗೆ ಒಪ್ಪಿ ಸಂಘ ಕಟ್ಟಿದರು. ಪೋಪ್ ಹತ್ತನೇ ಪಿಯುಸ್ ಮಾತ್ರ ಕ್ಯಾಥೊಲಿಕರಿಗೆ ಖಡಾಖಂಡಿತವಾಗಿ ಬೇಡವೆಂದರು. ಪಡೆಯಲು ಸಂಘವೇ ಇಲ್ಲದ ಮೇಲೆ ಆಸ್ತಿಯನ್ನು ಯಾರಿಗೆ ಕೊಡುವುದು? 1907 ಮತ್ತು 1908ರ ತಿದ್ದುಪಡಿಗಳು ದಾರಿ ಹುಡುಕಿದವು. ಕೆಥೆಡ್ರಲ್‌ಗಳು, ಅಂದರೆ ಬಿಷಪ್ಪರ ಮುಖ್ಯ ಚರ್ಚುಗಳು, ಸರ್ಕಾರದ್ದು, ಊರ ಚರ್ಚುಗಳು ಆಯಾ ಊರಿನ ಪುರಸಭೆಯದ್ದು, ಪೂಜೆಯ ಹಕ್ಕು ಪಾದ್ರಿಯದ್ದು. ಅಂದು ಇದು ಕ್ಯಾಥೊಲಿಕರ ಸೋಲಿನಂತೆ ಕಂಡಿತ್ತು. ನನಗೇನೋ ಪೋಪರ ಹಟವೇ ಅವರಿಗೆ ಲಾಭ ತಂದಿತು ಅನ್ನಿಸುತ್ತದೆ. ಮಾತು ಕೇಳಿ ಸಂಘ ಕಟ್ಟಿದವರ ಹೆಗಲಿಗೆ ತಮ್ಮ ಸಿನಗಾಗ್‌ಗಳ, ಪ್ರಾರ್ಥನಾಲಯಗಳ ರಿಪೇರಿ ಬಿತ್ತು. ಮಾತು ಕೇಳದವರ ಚಾವಣಿಯ ಬಿಲ್ಲು ಮೇಯರ್ ಮೇಜಿಗೆ ಹೋಯಿತು. (ಆಲ್ಸೇಸ್ ಆಗ ಜರ್ಮನಿಯ ಕೈಯಲ್ಲಿತ್ತು, ಈ ಕಾಯ್ದೆ ಅಲ್ಲಿಗೆ ತಲುಪಲೇ ಇಲ್ಲ. ಅಲ್ಲಿನ ಸ್ಟ್ರಾಸ್‌ಬರ್ಗ್ ನಗರದ ಪಾದ್ರಿಗೂ ಯಹೂದಿ ಗುರು ರಬ್ಬಿಗೂ ಇಂದಿಗೂ ಸರ್ಕಾರಿ ಸಂಬಳ.)

ಅಲ್ಲಿಂದ ಮೇಯರ್‌ಗೂ ಪಾದ್ರಿಗೂ ವಿಚಿತ್ರ ಸಂಸಾರ. ಕಟ್ಟಡ ಪುರಸಭೆಯದ್ದಾದರೂ ಒಳಗೊಂದು ಸಂಗೀತ ಕಛೇರಿ ಇಡಲು ಪಾದ್ರಿಯ ಅನುಮತಿ ಬೇಕು. ಗಂಟೆಗೋಪುರಕ್ಕಂತೂ 1906ರ ಆದೇಶದ ಪ್ರಕಾರ ಎರಡು ಬೀಗದ ಕೈ: ಒಂದು ಪಾದ್ರಿಯ ಬಳಿ, ಇನ್ನೊಂದು ಮೇಯರ್ ಬಳಿ.

ರಿಪೇರಿ ಖರ್ಚನ್ನು ಪುರಸಭೆ ‘ಮಾಡಬಹುದು’ ಎಂದಷ್ಟೇ ಕಾಯ್ದೆ ಹೇಳುತ್ತದೆ, ಮಾಡಲೇಬೇಕು ಎನ್ನುವುದಿಲ್ಲ. ಕೆಲವೇ ನೂರು ಜನರ ಹಳ್ಳಿಗೆ ಹನ್ನೆರಡನೇ ಶತಮಾನದ ಚಾವಣಿ ಹೊದಿಸುವಷ್ಟು ತೆರಿಗೆ ಎಲ್ಲಿಂದ ಬರಬೇಕು? 2030ರ ಹೊತ್ತಿಗೆ 2,500ರಿಂದ 5,000 ಆರಾಧನಾ ಕಟ್ಟಡಗಳು ಪಾಳು ಬೀಳುವ, ಮಾರಾಟವಾಗುವ ಇಲ್ಲವೇ ನೆಲಸಮವಾಗುವ ಅಪಾಯವಿದೆ ಎಂದು ಫ್ರೆಂಚ್ ಸೆನೆಟ್ಟಿನ 2022ರ ವರದಿ ಎಚ್ಚರಿಸಿತು. ಮರುವರ್ಷ ಅಧ್ಯಕ್ಷ ಮ್ಯಾಕ್ರನ್ ಸಣ್ಣ ಊರುಗಳ ಚರ್ಚುಗಳಿಗಾಗಿ ದೇಣಿಗೆ ಅಭಿಯಾನ ಶುರು ಮಾಡಿದರು. ನೋತ್ರ್ ದಾಮ್‌ಗೆ 80 ಕೋಟಿ ಯೂರೊ ದಾಟಿ ದೇಣಿಗೆ ಹರಿದು ಬಂದಿತ್ತು. ಹೊರಗಿನವರು ಹೆಸರೇ ಕೇಳದ ಊರಿಗೆ ಅಷ್ಟು ಕೈಗಳು ಚಾಚುವುದಿಲ್ಲ.

ಉತ್ತರ ಫ್ರಾನ್ಸಿನ ಅಬ್‌ವಿಲ್ ಪಟ್ಟಣದ ಸೇಂಟ್ ಜಾಕ್ ಚರ್ಚು ಹತ್ತೊಂಬತ್ತನೇ ಶತಮಾನದ್ದು. ದುರಸ್ತಿ ಇಲ್ಲದೆ ಶಿಥಿಲವಾದ ಅದನ್ನು 2013ರಲ್ಲಿ ಪುರಸಭೆಯೇ ಕೆಡವಿಸಿತು. ದೂರದಿಂದ ನೋಡಲು ಬರುವ ಪ್ರಸಿದ್ಧ ಚರ್ಚು ಅದಲ್ಲ. ಬಾಗಿಲಲ್ಲಿ ಟಿಕೆಟ್ ಇಟ್ಟಿದ್ದರೂ ಕೊಳ್ಳುವವರು ಸಿಗುತ್ತಿದ್ದರೋ ಇಲ್ಲವೋ.