ಕರ್ನಲ್ ಒಂದೇ, ಆದರೂ ಇಪ್ಪತ್ತೊಂದನೆಯವರಿಗೆ ಜಾಗವಿಲ್ಲ

ಸಣ್ಣ ಆಫೀಸುಗಳಿಗೆ ನೆಟ್‌ವರ್ಕ್ ಹಾಕಿಕೊಡುವ ನಮ್ಮಂಥವರಿಗೆ ಈ ಮಾತು ಕೇಳಿ ಕೇಳಿ ಸಾಕಾಗಿದೆ: "ಸರ್, ವಿಂಡೋಸ್ ಪ್ರೊಗೂ ವಿಂಡೋಸ್ ಸರ್ವರ್‌ಗೂ ಒಳಗಿರೋ ಕರ್ನಲ್ ಒಂದೇ ಅಂತೆ. ಮತ್ಯಾಕೆ ಅಷ್ಟು ದುಡ್ಡು? ಒಂದು ಒಳ್ಳೆ ಪಿಸಿ ತಂದು ಮೂಲೇಲಿಟ್ಟರೆ ಆಯ್ತಲ್ಲ?" ಕರ್ನಲ್, ಅಂದರೆ ಮೆಮೊರಿ, ಪ್ರೊಸೆಸರ್‌ಗಳನ್ನು ಪ್ರೋಗ್ರಾಂಗಳಿಗೆ ಹಂಚಿಕೊಡುವ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಒಂದೇ ಎಂಬುದು ನಿಜ. ಅದರಿಂದ ಇವರು ಮುಟ್ಟುವ ತೀರ್ಮಾನ ತಪ್ಪು. ಆ ತಪ್ಪು ಬಯಲಾಗುವುದು ಸಾಮಾನ್ಯವಾಗಿ ಮಾರ್ಚ್ ಕೊನೆಯ ವಾರದಲ್ಲಿ, ಆಫೀಸಿನ ಎಲ್ಲರೂ ಒಟ್ಟಿಗೆ ಕೂತು ಲೆಕ್ಕ ಮುಗಿಸುವ ಹೊತ್ತಿನಲ್ಲಿ.

ನಿಜವಾದ ಭಾಗ ಮೊದಲು. 2008ರಲ್ಲಿ ಡೆಸ್ಕ್‌ಟಾಪಿನ ವಿಂಡೋಸ್ ವಿಸ್ಟಾದ ಮೊದಲ ಸರ್ವಿಸ್ ಪ್ಯಾಕ್ (ತಿದ್ದುಪಡಿಗಳ ಕಂತೆ) ಮತ್ತು ವಿಂಡೋಸ್ ಸರ್ವರ್ 2008 ಜೊತೆಯಲ್ಲೇ ಸಿದ್ಧವಾದವು, ಎರಡರ ಬಿಲ್ಡ್ ಸಂಖ್ಯೆಯೂ (ಯಾವ ಕೋಡ್‌ನಿಂದ ಕಟ್ಟಿದ್ದು ಎಂಬ ಗುರುತು) 6001. ಆ ಸರ್ವರ್ ಮೊದಲ ದಿನದಿಂದಲೇ ತನ್ನನ್ನು 'ಸರ್ವಿಸ್ ಪ್ಯಾಕ್ 1' ಎಂದು ತೋರಿಸುತ್ತಿದ್ದುದು ಅದಕ್ಕೇ. ವಿಂಡೋಸ್ 10ರ 1607 ಆವೃತ್ತಿಗೂ ಸರ್ವರ್ 2016ಕ್ಕೂ 14393. ವಿಂಡೋಸ್ 11ರ 24ಎಚ್2ಗೂ ಸರ್ವರ್ 2025ಕ್ಕೂ 26100. ಮುಚ್ಚಿಡುವಂಥದ್ದೇನೂ ಇಲ್ಲ.

ಈ ವಾದಕ್ಕೆ ಹಳೆಯ ಬೇರೂ ಇದೆ. 1996ರಲ್ಲಿ ವಿಂಡೋಸ್ ಎನ್‌ಟಿ 4.0 ಬಂದಾಗ ಮೇಜಿನ ಪಿಸಿಗೆಂದಿದ್ದ ವರ್ಕ್‌ಸ್ಟೇಷನ್ ಆವೃತ್ತಿಗೆ ಒಂದು ಬೆಲೆ, ಸರ್ವರ್‌ಗೆ ಅದರ ಎಷ್ಟೋ ಪಟ್ಟು. ವಿಂಡೋಸ್ ಒಳರಚನೆ ಬಲ್ಲ ತಂತ್ರಜ್ಞ ಮಾರ್ಕ್ ರುಸ್ಸಿನೋವಿಚ್ ಮೊದಲಾದವರು ಬಗೆದು ನೋಡಿದರೆ ಎರಡರಲ್ಲೂ ಇದ್ದದ್ದು ಅದೇ ಕರ್ನಲ್. ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಪ್ರಾಡಕ್ಟ್‌ಟೈಪ್ ಎಂಬ ಒಂದು ನಮೂದು. ಅಲ್ಲಿ 'ವಿನ್‌ಎನ್‌ಟಿ' ಎಂದಿದ್ದರೆ ವರ್ಕ್‌ಸ್ಟೇಷನ್, 'ಸರ್ವರ್‌ಎನ್‌ಟಿ' ಎಂದಿದ್ದರೆ ಸರ್ವರ್. ಯಾರೂ ಅದನ್ನು ತಿದ್ದದಂತೆ ಕಾಯುವ ಕೆಲಸವೂ ಕರ್ನಲ್‌ನದೇ. ಕಥೆ ಹೇಳುವವರು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಆ ಪದ ಓದಿದ ಮೇಲೆ ಕರ್ನಲ್ ಏನೇನು ಬೇರೆ ಮಾಡುತ್ತದೆ ಎಂದು ಯಾರೂ ಕೇಳುವುದಿಲ್ಲ. ಮೆಮೊರಿ ಹಂಚಿಕೆ, ಬೇಗ ಸಿಗಲೆಂದು ಫೈಲುಗಳನ್ನು ಮೆಮೊರಿಯಲ್ಲೇ ಇಟ್ಟುಕೊಳ್ಳುವ ಕ್ಯಾಷ್, ಪ್ರೊಸೆಸರ್ ಸರದಿ, ಹೊರಗಿನಿಂದ ಎಷ್ಟು ಜನರನ್ನು ಒಳಗೆ ಬಿಡಬೇಕು ಎಂಬ ಲೆಕ್ಕ, ಇವೆಲ್ಲ ಆ ಪದದ ಮೇಲೆ ನಿಂತಿವೆ. ಕೋಡ್ ಒಂದೇ ಇದ್ದು ನಡವಳಿಕೆ ಎರಡಾಗುವುದು ಹೀಗೆ.

ಸರದಿಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಎಡವುವುದು ಇಲ್ಲೇ. ಪ್ರೊಸೆಸರ್ ಒಂದು ಥ್ರೆಡ್ಡನ್ನು, ಅಂದರೆ ಪ್ರೋಗ್ರಾಮಿನ ಒಂದು ಕೆಲಸದ ಎಳೆಯನ್ನು, ಎಷ್ಟು ಹೊತ್ತು ಓಡಿಸಿ ಇನ್ನೊಂದಕ್ಕೆ ಬಿಟ್ಟುಕೊಡಬೇಕು? ಡೆಸ್ಕ್‌ಟಾಪ್ ವಿಂಡೋಸ್‌ನಲ್ಲಿ ಮೂಲ ಲೆಕ್ಕ 2 ಕ್ಲಾಕ್ ಟಿಕ್ (ಯಂತ್ರದೊಳಗಿನ ಗಡಿಯಾರದ ಬಡಿತ), ಸರ್ವರ್‌ನಲ್ಲಿ 12. ಟಿಕ್ ಒಂದಕ್ಕೆ ಸಾಮಾನ್ಯವಾಗಿ 15.6 ಮಿಲಿಸೆಕೆಂಡ್ ಹಿಡಿದರೆ ಡೆಸ್ಕ್‌ಟಾಪಿನಲ್ಲಿ ಸುಮಾರು 31, ಸರ್ವರ್‌ನಲ್ಲಿ ಸುಮಾರು 187 ಮಿಲಿಸೆಕೆಂಡ್. ಸಾಲದ್ದಕ್ಕೆ ಡೆಸ್ಕ್‌ಟಾಪಿನಲ್ಲಿ ನಿಮ್ಮ ಕಣ್ಣೆದುರಿಗಿರುವ ಕಿಟಕಿಯ ಪ್ರೋಗ್ರಾಂಗೆ ಮೂರು ಪಟ್ಟು ಉದ್ದದ ಸರದಿ. ಕೌಂಟರಿನಲ್ಲಿ ಕೂತ ಗುಮಾಸ್ತ ಒಬ್ಬರ ಫೈಲು ಮುಚ್ಚಿ ಇನ್ನೊಬ್ಬರದನ್ನು ತೆರೆಯುವಾಗೆಲ್ಲ ಸ್ವಲ್ಪ ಹೊತ್ತು ಹೋಗುತ್ತದಲ್ಲ, ಹಾಗೇ ಇದೂ. ಮೌಸ್ ಒತ್ತಿದ ತಕ್ಷಣ ಕಿಟಕಿ ತೆರೆಯಲಿ ಎಂದರೆ ಬೇಗ ಬೇಗ ಬದಲಾಯಿಸಬೇಕು. ಬಂದ ಕೋರಿಕೆಯನ್ನು ಒಂದೇ ಸರದಿಯಲ್ಲಿ ಮುಗಿಸಿ ಕಳಿಸಬೇಕೆಂದರೆ ಹೆಚ್ಚು ಹೊತ್ತು ಬಿಡಬೇಕು. ಎರಡರಲ್ಲಿ ಯಾವುದೂ ಮೇಲಲ್ಲ. ಸರ್ವರ್ ಆವೃತ್ತಿ ಹಾಕಿದರೆ ಹಳೆಯ ಪಿಸಿ ಚುರುಕಾಗುತ್ತದೆ ಎಂದು ನಂಬಿದವರೂ ಇದ್ದಾರೆ. ಅವರದ್ದು ಇದೇ ತಪ್ಪಿನ ಇನ್ನೊಂದು ಮಗ್ಗುಲು.

ಈಗ ಜಾಣರು ಒಂದು ಬಟನ್ ತೋರಿಸುತ್ತಾರೆ. ಸಿಸ್ಟಮ್ ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್‌ನಲ್ಲಿ ಪರ್ಫಾರ್ಮೆನ್ಸ್ ಸೆಟ್ಟಿಂಗ್ಸ್ ತೆರೆದು, 'ಪ್ರೋಗ್ರಾಮ್ಸ್' ಬದಲು 'ಬ್ಯಾಕ್‌ಗ್ರೌಂಡ್ ಸರ್ವಿಸಸ್' ಆರಿಸಿದರೆ ಸರದಿ ಸರ್ವರಿನಷ್ಟೇ ಉದ್ದವಾಗುತ್ತದೆ. "ನೋಡಿ, ನಮ್ದು ಸರ್ವರ್ ಆಯ್ತು." ಇಲ್ಲ, ಆಗಿಲ್ಲ. ಅದರಿಂದ ಬದಲಾದದ್ದು ಸರದಿ ಒಂದೇ. ಕಮಾಂಡ್ ಪ್ರಾಂಪ್ಟ್ ತೆರೆದು 'ನೆಟ್ ಕಾನ್ಫಿಗ್ ಸರ್ವರ್' ಎಂದು ಬರೆದು ಎಂಟರ್ ಒತ್ತಿ ನೋಡಿ. ನೆಟ್‌ವರ್ಕ್ ಮೂಲಕ ಏಕಕಾಲಕ್ಕೆ ಎಷ್ಟು ಜನ ಒಳಗಿರಬಹುದು ಎಂಬ ಸಾಲಿನಲ್ಲಿ ವಿಂಡೋಸ್ 10 ಪ್ರೊ 20 ಎಂದು ತೋರಿಸುತ್ತದೆ. ಸರ್ವರ್‌ನಲ್ಲಿ ಅದೇ ಸಾಲು 16777216. ಆ ಇಪ್ಪತ್ತು ಲೈಸೆನ್ಸಿನ ಷರತ್ತು, ಯಾವ ಬಟನ್ನೂ ಅದನ್ನು ಅಲುಗಿಸುವುದಿಲ್ಲ. ರಿಜಿಸ್ಟ್ರಿಯಲ್ಲಿ ಕೈಯಾಡಿಸಿ ದಾಟಿಸಿಕೊಡುತ್ತೇವೆ ಎನ್ನುವವರನ್ನು ದಯವಿಟ್ಟು ಒಳಗೆ ಬಿಡಬೇಡಿ.

ಒಂದು ಸಹಕಾರಿ ಸಂಘದಲ್ಲಿ ಹೀಗೇ ಆಯಿತು. ಮ್ಯಾನೇಜರು ಬಲು ಒಳ್ಳೆಯವರು, ಸಂಘದ ಒಂದು ರೂಪಾಯಿಯನ್ನೂ ಎರಡು ಸಲ ಎಣಿಸಿ ಖರ್ಚು ಮಾಡುವವರು. ಅಳಿಯನ ಮಾತು ಕೇಳಿ ಪಿಸಿಯನ್ನೇ ಸರ್ವರ್ ಮಾಡಿದ್ದರು. ವರ್ಷವಿಡೀ ಓಡಿತು. ಮಾರ್ಚ್‌ನಲ್ಲಿ ಹಿಂದಿನ ಕೋಣೆಯವರಿಗೆ ಮಾತ್ರ ಆ ಪಿಸಿಯ ಫೋಲ್ಡರ್ ತೆರೆಯದು. ಕೇಬಲ್ ಹುಡುಗನನ್ನು ಕರೆಸಿ ಆ ಕೋಣೆಯ ಕನೆಕ್ಟರುಗಳನ್ನೆಲ್ಲ ಹೊಸದಾಗಿ ಕ್ರಿಂಪ್ ಮಾಡಿಸಿದರು, ಸ್ವಿಚ್ ಬದಲಾಯಿಸಿದರು. ನಾನು ಹೋದಾಗ ಠೇವಣಿ ವಿಭಾಗದ ಅಕ್ಕ ಒಬ್ಬರು ಮೆಲ್ಲಗೆ ಹೇಳಿದರು: "ಸಾರ್, ಹಿಂದಿನ ಕೋಣೆ ಅಂತೇನಿಲ್ಲ. ಬೆಳಗ್ಗೆ ಬೇಗ ಬಂದು ಹಚ್ಚಿದವರದ್ದು ಓಡುತ್ತೆ. ಊಟಕ್ಕೆ ಯಾರಾದ್ರೂ ಎದ್ದು ಹೋದ್ರೆ ನಮ್ದೂ ಓಡುತ್ತೆ." ರೋಗ ಪತ್ತೆಯಾದದ್ದು ಅಲ್ಲೇ. ಹಿಂದಿನ ಕೋಣೆಯವರು ದೂರದ ಹಳ್ಳಿಗಳಿಂದ ಬಸ್ಸಿಗೆ ಬರುವವರು, ತಡವಾಗಿ ಕೂರುವವರು. ಫೈಲು ತೆರೆದಿಡದೆ ಹದಿನೈದು ನಿಮಿಷ ಸುಮ್ಮನಿದ್ದ ಸಂಪರ್ಕವನ್ನು ವಿಂಡೋಸ್ ತಾನೇ ಕಡಿಯುತ್ತದೆ, ಊಟದ ಹೊತ್ತಿಗೆ ಜಾಗ ಸಿಗುತ್ತಿದ್ದುದು ಹಾಗೆ. ಇಪ್ಪತ್ತರಲ್ಲಿ ಒಂದು ಜಾಗ ಸ್ಕ್ಯಾನ್ ಮಾಡಿದ ಹಾಳೆಯನ್ನು ಫೋಲ್ಡರಿಗೆ ಕಳಿಸುವ ಜೆರಾಕ್ಸ್ ಯಂತ್ರದ್ದು. ಅದನ್ನು ಯಾರೂ ಎಣಿಸಿರಲೇ ಇಲ್ಲ.

ಮಿತಿಗಳೆಲ್ಲ ದುಡ್ಡಿಗಾಗಿಯೇ ಎಂದೂ ಹೇಳಲಾರೆ. 32 ಬಿಟ್ ಕಾಲದಲ್ಲಿ ವಿಸ್ಟಾಕ್ಕೆ 4 ಜಿಬಿ ಮೆಮೊರಿ ಮಾತ್ರ, ಅದೇ ಕರ್ನಲ್‌ನ ಸರ್ವರ್ 2008 ಎಂಟರ್‌ಪ್ರೈಸ್‌ಗೆ 64 ಜಿಬಿ. ಮನೆಬಳಕೆಯ ಉಪಕರಣಗಳ ಎಷ್ಟೋ ಡ್ರೈವರುಗಳು (ಉಪಕರಣವನ್ನು ನಡೆಸುವ ತಂತ್ರಾಂಶಗಳು) 4 ಜಿಬಿ ಆಚೆಗಿನ ಮೆಮೊರಿ ವಿಳಾಸ ಕಂಡರೆ ಯಂತ್ರವನ್ನೇ ಕೆಡವುತ್ತಿದ್ದವು ಎಂಬುದೂ ಅದಕ್ಕೊಂದು ಕಾರಣ.

ದುಡ್ಡಿನ ಲೈಸೆನ್ಸಿನ ಮಾತೇ ಇಲ್ಲದ ಕಡೆ ಹೇಗಿದೆ ನೋಡಿ. ಪುಕ್ಕಟೆ ಸಿಗುವ, ಲಿನಕ್ಸ್ ಕರ್ನಲ್ ಮೇಲೆ ಕಟ್ಟಿದ ಆಪರೇಟಿಂಗ್ ಸಿಸ್ಟಮ್ ಉಬುಂಟುವಿನಲ್ಲಿ ಡೆಸ್ಕ್‌ಟಾಪಿಗೆ 'ಜೆನೆರಿಕ್', ಸರ್ವರಿಗೆ 'ಸರ್ವರ್' ಎಂದು ಎರಡು ಕರ್ನಲ್ ಕಟ್ಟುತ್ತಿದ್ದರು. ಟೈಮರ್ ಬಡಿತ ಡೆಸ್ಕ್‌ಟಾಪಿನದರಲ್ಲಿ ಸೆಕೆಂಡಿಗೆ 250 ಸಲ, ಸರ್ವರಿನದರಲ್ಲಿ 100 ಸಲ. ಡಿಸ್ಕಿನ ಸರದಿಯೂ ಬೇರೆ. ವ್ಯತ್ಯಾಸ ತೀರ ಕಡಿಮೆ ಉಳಿದಾಗ 2012ರ 12.04 ಆವೃತ್ತಿಯಲ್ಲಿ 64 ಬಿಟ್‌ಗೆ ಎರಡನ್ನೂ ಸೇರಿಸಿ ಒಂದೇ ಮಾಡಿದರು. 2021ರ 5.12 ಲಿನಕ್ಸ್ ಕರ್ನಲ್‌ನಿಂದ ಈಚೆಗೆ, ಓಡುತ್ತಿರುವ ಕೆಲಸವನ್ನು ಎಷ್ಟು ಬೇಗ ತಡೆದು ಬೇರೆಯದಕ್ಕೆ ಹೋಗಬೇಕು ಎಂಬುದನ್ನೂ ಬೂಟ್ ಆಗುವಾಗ ಆರಿಸಬಹುದು. ಸಂಘದವರಿಗೆ ಬೇಕಿದ್ದದ್ದು ಫೈಲು ಹಂಚಿಕೆ ಮಾತ್ರ, ಹಾಗಾಗಿ ಅದೇ ಪಿಸಿಗೆ ಉಬುಂಟು ಸರ್ವರ್ ಹಾಕಿ ವಿಂಡೋಸ್ ಪಿಸಿಗಳಿಗೆ ಫೋಲ್ಡರ್ ಹಂಚುವ ಸಾಂಬಾ ಎಂಬ ತಂತ್ರಾಂಶ ಕೂರಿಸಿದೆವು. ಮ್ಯಾನೇಜರ ದುಡ್ಡೂ ಉಳಿಯಿತು. ನಿಮ್ಮ ಅಕೌಂಟ್ಸ್ ಸಾಫ್ಟ್‌ವೇರಿಗೆ ವಿಂಡೋಸೇ ಬೇಕಿದ್ದರೆ ಈ ದಾರಿ ಇಲ್ಲ, ಅದನ್ನು ಮಾರಿದವರನ್ನು ಮೊದಲೇ ಕೇಳಿಕೊಳ್ಳಿ.

ಹತ್ತು ಜನರ ಆಫೀಸಿಗೆ ಪ್ರೊ ಸಾಕು ಎಂದು ನಾನೇ ಹೇಳುತ್ತೇನೆ. ಹದಿನೈದು ದಾಟಿದರೆ ಫೋನು, ಸ್ಕ್ಯಾನರ್ ಎಲ್ಲ ಸೇರಿಸಿ ಎಣಿಸಿ, ನಿಮ್ಮ ಆವೃತ್ತಿಯ ಲೈಸೆನ್ಸ್ ಪತ್ರವನ್ನು ಓದಿ. ವಿಂಡೋಸ್ ಸರ್ವರ್‌ಗೆ ಕೊಟೇಶನ್ ತರಿಸುವುದಾದರೆ ಬಳಕೆದಾರರ ಲೈಸೆನ್ಸ್, ಅಂದರೆ ಸಿಎಎಲ್, ಸೇರಿಸಿಯೇ ಬೆಲೆ ಕೇಳಿ; ಹೆಚ್ಚಿನ ಆವೃತ್ತಿಗಳಿಗೆ ಅದು ಬೇರೆಯೇ ಬಿಲ್ಲು.